ಭೀಮನಬೀಡಿನ ಹೊಲದ ವಿಷಯ ಅದಕ್ಕೆ ಹೇಗೆ ಗೊತ್ತಾಯಿತು?

ನನ್ನ ಫೈಲುಗಳೆಲ್ಲ ಒಂದೇ ಏಟಿಗೆ ಅಳಿಸಿಹೋಗಬಹುದಿತ್ತು. ಅಳಿಸಿಹೋಗದೆ ಊರಿಗೆಲ್ಲ ಹಂಚಿಹೋಗಬಹುದಿತ್ತು. ಹತ್ತನೇ ತರಗತಿಯ ವಿಜ್ಞಾನದ ಪ್ರಶ್ನೆಪತ್ರಿಕೆ ಪರೀಕ್ಷೆಗೆ ಮೊದಲೇ ಮಕ್ಕಳ ಮೊಬೈಲು ಸೇರಿ, ನಾನು ಹೆಡ್‌ಮಾಸ್ಟರ ಮುಂದೆ ಕೈಕಟ್ಟಿ ನಿಲ್ಲಬೇಕಾಗಬಹುದಿತ್ತು. ನನ್ನ ಆಧಾರ್ ಪ್ರತಿ ಕೊಟ್ಟು ಯಾರೋ ಸಿಮ್ ಕೊಂಡು, ಅದರಿಂದ ಇನ್ನಾರಿಗೋ ಬೆದರಿಕೆ ಹಾಕಿ, ಪೊಲೀಸರು ನಮ್ಮ ಮನೆಗೆ ಬರಬಹುದಿತ್ತು. ಅವರು ಬರುವ ಹೊತ್ತಿಗೆ ಸರಿಯಾಗಿ ಎದುರುಮನೆಯವರು ರಂಗೋಲಿ ಹಾಕಲು ಹೊರಗೆ ಬರುತ್ತಿದ್ದರು. ತಂಗಿಯ ಮದುವೆಯಲ್ಲಿ ನಾನು ಬಾಯಿ ತೆರೆದುಕೊಂಡು ನಿದ್ದೆ ಹೋದ ಫೋಟೊ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಕಾಣಿಸಿಕೊಳ್ಳಬಹುದಿತ್ತು. ನನ್ನ ಥೈರಾಯ್ಡ್ ವರದಿಯನ್ನು ಯಾವುದೋ ಕಂಪನಿ ಓದಿ ದಿನಕ್ಕೆ ಹತ್ತು ಸಲ ಫೋನ್ ಮಾಡಬಹುದಿತ್ತು.

ನನ್ನ ಕ್ಲೌಡಿನಲ್ಲಿದ್ದ ಫೈಲುಗಳನ್ನು ಒಂದು ಎ.ಐ. ಸಹಾಯಕನಿಗೆ ಜೋಡಿಸುವ ಮುನ್ನ ಇವಿಷ್ಟನ್ನೂ ನಾನು ಯೋಚಿಸಿದ್ದೆ. ಈ ವಿಷಯದಲ್ಲಿ ನನ್ನನ್ನು ಮೀರಿಸುವವರು ಚಾಮರಾಜನಗರದಲ್ಲಿ ಯಾರೂ ಇಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಹರವೆಯಲ್ಲಿ ಬಸ್ಸಿಳಿದು, ವಾಪಸು ಬಂದು, ಆರಿಸಿದ್ದ ಒಲೆಯನ್ನು ಮತ್ತೊಮ್ಮೆ ಆರಿಸಿ ಹೋದವಳು ನಾನು.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಇಂಥ ಅನುಭವಗಳನ್ನು ನಾನು ನಂಬುತ್ತಿರಲಿಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ಸ್ಟಾಫ್ ರೂಮಿನಲ್ಲಿ ಯಾರಾದರೂ ದೆವ್ವದ ಕತೆ ತೆಗೆದರೆ, ‘ಆವತ್ತು ನಿಮಗೆ ಜ್ವರ ಇತ್ತಾ?’ ಎಂದು ಕೇಳಿ ಅವರ ಉತ್ಸಾಹವನ್ನೆಲ್ಲ ಇಳಿಸಿಬಿಡುತ್ತಿದ್ದೆ. ಹೋದ ವರ್ಷ ಮಾಗಿಯಲ್ಲಿ ನನಗೇ ಇದು ಆದಾಗ ಜ್ವರ ಇರಲಿಲ್ಲ. ಮಟಮಟ ಮಧ್ಯಾಹ್ನ. ಊಟವೂ ಆಗಿತ್ತು.

ಜೋಡಿಸಿಕೊಟ್ಟವರು ನಮ್ಮ ಶಾಲೆಯ ಕಂಪ್ಯೂಟರ್ ಟೀಚರ್ ಶಶಿಕಲಾ. ಅಪ್ಪ ತೀರಿಕೊಂಡ ಮೇಲೆ ಮನೆಯ ಹಳೇ ಫೋಟೊ, ಪಹಣಿ, ಸರ್ವೆ ನಕ್ಷೆ, ನನ್ನ ಸರ್ಟಿಫಿಕೇಟು, ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಕ್ಲೌಡಿಗೆ ಹಾಕಿಟ್ಟಿದ್ದೆ. ಗೆದ್ದಲಿನ ಭಯಕ್ಕೆ. ಹಾಕಿಟ್ಟೆನೇ ಹೊರತು ಬೇಕಾದಾಗ ಒಂದೂ ಸಿಗುತ್ತಿರಲಿಲ್ಲ. ‘ಇದಕ್ಕೆ ಅನುಮತಿ ಕೊಡಿ ಮೇಡಂ, ನೀವು ಕನ್ನಡದಲ್ಲೇ ಕೇಳಿ, ನಿಮ್ಮ ಫೈಲನ್ನೆಲ್ಲ ಓದಿ ಅದೇ ಹುಡುಕಿಕೊಡುತ್ತೆ’ ಎಂದರು ಶಶಿಕಲಾ. ಮೂರು ದಿನ ಯೋಚಿಸಿ ಅನುಮತಿ ಕೊಟ್ಟೆ.

ಮೊದಲನೇ ದಿನವೇ ಕೇಳಿದ್ದು ನನ್ನ ಸ್ಕೂಟರಿನ ವಿಮೆಯ ಪತ್ರವನ್ನು. ಹಿಂದಿನ ವಾರವಷ್ಟೇ ಹಾಕಿದ್ದೆ. ಅದು ಭಾರಿ ವಿನಯದಿಂದ ನನ್ನ ಭಾವಮೈದುನ ಯಾರದೋ ಸ್ಕೂಟರಿನ ಮೇಲೆ ಕೂಲಿಂಗ್ ಗ್ಲಾಸು ಹಾಕಿಕೊಂಡು ಕೂತಿರುವ ಫೋಟೊ ತಂದುಕೊಟ್ಟಿತು. ‘ಇದಲ್ಲ’ ಎಂದೆ. ಕ್ಷಮೆ ಕೇಳಿತು. ಕ್ಷಮೆ ಕೇಳಿ ಅದೇ ಫೋಟೊವನ್ನು ಮತ್ತೆ ಕೊಟ್ಟಿತು. ಏನು ಕೇಳಿದರೂ ಒಳ್ಳೆಯ ಪ್ರಶ್ನೆ ಎಂದು ಬೆನ್ನು ತಟ್ಟುತ್ತಿತ್ತು. ಇಪ್ಪತ್ತೈದು ವರ್ಷದಿಂದ ಮಕ್ಕಳನ್ನು ಪ್ರಶ್ನೆ ಕೇಳುತ್ತ ಬಂದಿರುವ ನನಗೆ ಇದು ಪ್ರಶ್ನೆ ಕೇಳುವುದನ್ನು ಕಲಿಸಲು ಬಂತು ಎಂದು ಮೈ ಉರಿಯಿತು.

ಅದೇ ವಾರದ ಭಾನುವಾರ ನಾನು ಭೀಮನಬೀಡಿಗೆ ಹೋಗಿದ್ದೆ. ಗುಂಡ್ಲುಪೇಟೆಯಿಂದ ಆಟೊ. ಅಲ್ಲಿ ನಮ್ಮ ದೊಡ್ಡಪ್ಪನ ಮನೆ. ದೊಡ್ಡಪ್ಪ ಇಲ್ಲ, ದೊಡ್ಡವ್ವ ಇದ್ದಾಳೆ, ಅವಳ ಮಗ ಮಾದಪ್ಪ ಹೊಲ ನೋಡಿಕೊಳ್ಳುತ್ತಾನೆ. ಮಾದಪ್ಪನೇ ಫೋನ್ ಮಾಡಿ ಕರೆಸಿಕೊಂಡಿದ್ದ. ಹೊಲದ ಇಳಿಜಾರಿನಲ್ಲಿ ಕೃಷಿ ಹೊಂಡ ತೆಗೆಸಬೇಕು, ಸೋಮವಾರ ಬೆಳಿಗ್ಗೆ ಜೆಸಿಬಿ ಬರುತ್ತದೆ, ಅವ್ವ ಬಿಡುತ್ತಿಲ್ಲ, ನೀನಾದರೂ ಬಂದು ಹೇಳು ಎಂಬುದು ಅವನ ಗೋಳು.

ದೊಡ್ಡವ್ವ ಬಿಡದಿದ್ದಕ್ಕೆ ಕಾರಣ ಇತ್ತು. ಮಾದಪ್ಪನಿಗಿಂತ ಮೊದಲು ಅವಳಿಗೆ ಒಂದು ಹೆಣ್ಣು ಕೂಸು ಹುಟ್ಟಿ, ಹೆಸರಿಡುವ ಮೊದಲೇ ತೀರಿಹೋಗಿತ್ತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತೇವೆ. ದೊಡ್ಡವರಾದರೆ ಗದ್ದುಗೆ ಕಟ್ಟುತ್ತಾರೆ, ವರ್ಷಕ್ಕೊಮ್ಮೆ ಪೂಜೆ ಮಾಡುತ್ತಾರೆ. ಹಾಲು ಕುಡಿಯುವ ಕೂಸಿಗೆ ಗದ್ದುಗೆ ಇಲ್ಲ. ಗಂಡಸರು ಎತ್ತಿಕೊಂಡು ಹೋಗಿ ಮಣ್ಣು ಮುಚ್ಚಿ ಬರುತ್ತಾರೆ. ಬಾಣಂತಿ ಹೊಸಿಲು ದಾಟುವ ಹಾಗಿಲ್ಲ. ಅದಕ್ಕಿಂತ ಕ್ರೂರವಾದದ್ದು ಇನ್ನೊಂದಿದೆ: ಆಮೇಲೂ ತಾಯಿಗೆ ಆ ಜಾಗ ತೋರಿಸುವುದಿಲ್ಲ. ಗೊತ್ತಾದರೆ ಅವಳು ದಿನಾ ಅಲ್ಲೇ ಹೋಗಿ ಕೂರುತ್ತಾಳೆ, ಮುಂದಿನ ಬಸಿರು ನಿಲ್ಲುವುದಿಲ್ಲ ಎನ್ನುತ್ತಾರೆ. ಅವತ್ತು ಹೋಗಿದ್ದವರು ದೊಡ್ಡವ್ವನ ಮಾವ, ಅಂದರೆ ನಮ್ಮ ತಾತ. ಮತ್ತೆ ನಮ್ಮ ಅಪ್ಪ. ದೊಡ್ಡಪ್ಪ ಕೂಡ ಹೋಗಿರಲಿಲ್ಲವಂತೆ. ತಾತ ಯಾವಾಗಲೋ ಹೋದರು, ಅಪ್ಪನೂ ಹೋದರು. ಹೊಲದ ಕೆಳಭಾಗದಲ್ಲಿ ಎಲ್ಲೋ ಎಂಬುದೊಂದು ಬಿಟ್ಟು ಬದುಕಿರುವ ಯಾರಿಗೂ ಏನೂ ಗೊತ್ತಿರಲಿಲ್ಲ. ಹೊಂಡ ಬರಬೇಕಾಗಿದ್ದದ್ದೂ ಕೆಳಭಾಗದಲ್ಲೇ. ನೀರು ನಿಲ್ಲುವುದು ಅಲ್ಲಿ ಮಾತ್ರ.

‘ಹೊಂಡ ಬ್ಯಾಡ ಅಂತ ನಾನೇಳ್ತಿಲ್ಲ ಕಣವ್ವ’ ಎಂದಳು ದೊಡ್ಡವ್ವ ನನ್ನ ಕೈ ಹಿಡಿದುಕೊಂಡು. ‘ನನ್ ಕೂಸು ಎಲ್ಲದೆ ಅಂತ ಏಳ್ಬುಟ್ಟು ಅಗೀಲಿ. ಆ ಕಬ್ಬಿಣದ ಹಲ್ಲಿಗೆ ಸಿಕ್ಕಿ ಮೇಲಕ್ ಬಂದ್ರೆ ನಾನು ನೋಡ್ಕಂಡ್ ಕೂತ್ಕಳ್ನಾ?’

ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಎಂದು ಸೊಸೆ ಒಳಗಿನಿಂದಲೇ ಹೇಳಿದಳು. ಜೆಸಿಬಿ ಬಂದರೆ ತಾನೇ ಹೋಗಿ ಅಡ್ಡ ಕೂರುತ್ತೇನೆ ಎಂದಿದ್ದಳಂತೆ, ಕೂರುವವಳೇ ಅವಳು. ಮಾದಪ್ಪನ ಕಷ್ಟವೂ ಸುಳ್ಳಲ್ಲ. ಹಿಂದಿನ ವರ್ಷ ಚೆಂಡುಹೂವು ನೀರಿಲ್ಲದೆ ಬಾಡಿತ್ತು, ಜೆಸಿಬಿಯ ಈ ಸರದಿ ತಪ್ಪಿದರೆ ಮತ್ತೆ ಯಾವಾಗಲೋ. ಜಾಗ ಬದಲಿಸಲು ಅವನು ತಯಾರಿದ್ದ. ಆದರೆ ಯಾವುದರಿಂದ ತಪ್ಪಿಸಿ ಎಲ್ಲಿಗೆ ಬದಲಿಸುವುದು?

ನಾನು ಜಗಲಿಯ ಮೇಲೆ ಕೂತು ನಕ್ಷೆ ಹುಡುಕುತ್ತಿದ್ದೆ. ಅದರಲ್ಲೇನೂ ಇರುವುದಿಲ್ಲ ಎಂದು ಗೊತ್ತಿದ್ದರೂ ಸುಮ್ಮನೆ ಕೂರಲಾಗದ ಸ್ವಭಾವ. ಮಾದಪ್ಪ ಪಕ್ಕದಲ್ಲಿ ಎಲೆ ಅಡಿಕೆ ಹಾಕುತ್ತ ನೋಡುತ್ತಿದ್ದವನು, ‘ಊರ್ ಕಾಗ್ದನೆಲ್ಲ ಅದ್ರೊಳಕ್ ತುಂಬಿದ್ದೀಯಲ್ಲಕ್ಕ, ಅದುನ್ನೇ ಕೇಳ್ಬುಡು. ಸ್ಕೂಟರ್ ಕೇಳುದ್ರೆ ಭಾವುನ್ನ ತೋರುಸ್ತಂತೆ, ಕೂಸ್ನ ಕೇಳುದ್ರೆ ಯಾರ್ನ ತೋರುಸ್ತದೋ ನೋಡನ’ ಎಂದ. ದೊಡ್ಡವ್ವನಿಗೆ ಕೇಳಿಸುವಂತೆ ಹಾಗೆ ತಮಾಷೆ ಮಾಡಿದ್ದು ನನಗೆ ಹಿಡಿಸಲಿಲ್ಲ. ಅವನ ಬಾಯಿ ಮುಚ್ಚಿಸಲೆಂದೇ ಟೈಪು ಮಾಡಿದೆ: ಭೀಮನಬೀಡಿನ ಹೊಲದಲ್ಲಿ ದೊಡ್ಡವ್ವನ ಮೊದಲ ಮಗುವನ್ನು ಎಲ್ಲಿ ಮಣ್ಣು ಮಾಡಿದ್ದಾರೆ?

ಈ ಸಲ ಅದು ಒಳ್ಳೆಯ ಪ್ರಶ್ನೆ ಎನ್ನಲಿಲ್ಲ. ನೇರವಾಗಿ ಬರೆಯಿತು. ಮೂಡಣ ಬದುವಿನ ಹೊಂಗೆಮರದಿಂದ ಸ್ವಲ್ಪ ಕೆಳಗೆ, ಬದುವಿಗೆ ಒತ್ತಿಕೊಂಡ ಹಾಗೆ. ನಾಯಿ ನರಿ ಕೆದಕಬಾರದೆಂದು ಮುಳ್ಳು ಹಾಕಿ, ಅದರ ಮೇಲೆ ಒಡೆದ ರಾಗಿಕಲ್ಲಿನ ಒಂದು ಹೋಳನ್ನು ಕವುಚಿ ಇಟ್ಟಿದ್ದಾರೆ ಎಂದು. ಕೆಳಗೆ ‘ಆಧಾರ’ ಎಂದು ಒಂದು ಫೈಲಿನ ಹೆಸರು. ಒತ್ತಿ ನೋಡಿದೆ. ನನ್ನ ಬಿ.ಎಡ್. ಅಂಕಪಟ್ಟಿ.

ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಸ್ಕೂಟರಿನ ವಿಷಯದಲ್ಲಿ ಬಾಯಿಗೆ ಬಂದದ್ದು ಹೇಳಲಿ, ಸತ್ತ ಕೂಸಿನ ವಿಷಯದಲ್ಲೂ ಕತೆ ಕಟ್ಟುವುದೆ? ಅದಕ್ಕೆ ನನ್ನ ಅಂಕಪಟ್ಟಿಯ ಸಾಕ್ಷಿ ಬೇರೆ! ಅದನ್ನೂ ಅದರ ವಂಶವನ್ನೂ ಬೈಯುತ್ತ ಗಟ್ಟಿಯಾಗಿ ಓದಿ ಹೇಳಿದೆ. ಮಾದಪ್ಪ ನಕ್ಕ. ದೊಡ್ಡವ್ವ ನಗಲಿಲ್ಲ. ‘ರಾಗಿಕಲ್ಲಾ?’ ಎಂದಳು.

ಅವಳ ಅತ್ತೆ, ಅಂದರೆ ನಮ್ಮ ಅಜ್ಜಿ, ಬೀಸುತ್ತಿದ್ದ ರಾಗಿಕಲ್ಲು ಆ ವರ್ಷ ಎರಡು ಹೋಳಾಗಿತ್ತಂತೆ. ಒಂದು ಹೋಳು ಹಿತ್ತಲಿಗೆ ಬಂತು. ಈಗಲೂ ಅಲ್ಲೇ ಇದೆ, ಪಾತ್ರೆ ತೊಳೆಯುವ ಜಾಗದಲ್ಲಿ. ನಾನೇ ಎಷ್ಟೋ ಸಲ ಅದರ ಮೇಲೆ ಕಾಲು ತೊಳೆದಿದ್ದೇನೆ. ಇನ್ನೊಂದು ಎಲ್ಲಿ ಎಂದು ಬಾಣಂತನ ಮುಗಿಸಿ ಎದ್ದ ಮೇಲೆ ದೊಡ್ಡವ್ವ ಕೇಳಿದ್ದಳು. ಎಸೆದುಬಿಟ್ಟರು ಎಂದು ಅತ್ತೆ ಮುಖ ತಿರುಗಿಸಿಕೊಂಡರಂತೆ. ‘ಮುಖ ತಿರಿಕ್ಕೊಂಡಾಗ್ಲೇ ನಾನು ಕೇಳ್ಬೇಕಿತ್ತು’ ಎಂದು ಹೇಳಿ ದೊಡ್ಡವ್ವ ಎದ್ದಳು.

ಹೊಲಕ್ಕೆ ಹೋದೆವು. ನಾನು ದಾರಿಯುದ್ದಕ್ಕೂ ಏನೂ ಸಿಗುವುದಿಲ್ಲ, ಇವಳನ್ನು ಹೇಗೆ ಸಮಾಧಾನ ಮಾಡುವುದು ಎಂದು ಚಿಂತೆ ಮಾಡುತ್ತಿದ್ದೆ. ಸಿಕ್ಕರೆ ಏನು ಮಾಡುವುದು ಎಂಬ ಚಿಂತೆ ಮಾತ್ರ, ಎಂದಿಲ್ಲದಂತೆ, ನನಗೆ ಹೊಳೆಯಲೇ ಇಲ್ಲ. ಹೊಂಗೆಮರದ ಕೆಳಗೆ ಬದುವಿನಂಚಿನಲ್ಲಿ ಗರಿಕೆ ದಟ್ಟವಾಗಿ ಬೆಳೆದಿತ್ತು. ಮಾದಪ್ಪ ಗುದ್ದಲಿಯಲ್ಲಿ ಮೆಲ್ಲಗೆ ಕೆರೆದ. ಇಲ್ಲಿ ಏನಿಲ್ಲ, ಇಲ್ಲೂ ಏನಿಲ್ಲ ಎಂದು ಗೊಣಗುತ್ತಿದ್ದ. ಒಂದು ಕಡೆ ಟಣ್ ಎಂದಿತು. ಗುದ್ದಲಿ ಪಕ್ಕಕ್ಕಿಟ್ಟು ಕೈಯಿಂದಲೇ ಮಣ್ಣು ಸರಿಸಿದ. ಅರ್ಧ ಚಂದ್ರನಂಥ ಕಲ್ಲು. ನಡುವೆ ಗೂಟದ ತೂತಿನ ಅರ್ಧ.

ದೊಡ್ಡವ್ವ ಕೂತು ಕಲ್ಲಿನ ಒಡೆದ ಅಂಚಿನ ಮೇಲೆ ಬೆರಳಾಡಿಸಿದಳು. ಹಿತ್ತಲಿನ ಹೋಳನ್ನು ತಂದು ಜೋಡಿಸಿ ನೋಡೋಣ ಎಂದು ನಾವ್ಯಾರೂ ಹೇಳಲಿಲ್ಲ. ‘ಇಲ್ಲೇ ಕಳೆ ಕೀಳ್ತಿದ್ದೆ ಕಣ್ಲಾ ಮಾದ, ನಿನ್ನ ಬೆನ್ಗೆ ಕಟ್ಕಂಡು’ ಎಂದಳು ಮಗನಿಗೆ. ಮಾದಪ್ಪ ಟವಲಿನಿಂದ ಮುಖ ಒರೆಸಿಕೊಂಡ. ಕಲ್ಲನ್ನು ಎತ್ತಲಿಲ್ಲ. ಮಣ್ಣು ಮುಚ್ಚಿ, ಮೇಲೆ ನಾಲ್ಕು ಕಲ್ಲು ಒಟ್ಟಿ ಗುರುತು ಮಾಡಿದ. ಮಾರನೇ ದಿನ ಹೊಂಡ ಕೆಳಭಾಗದಲ್ಲೇ ಪಡುವಣ ಮೂಲೆಗೆ ಸರಿಯಿತು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅವತ್ತೇ ಸಾಯಂಕಾಲ ಅದನ್ನು ಮತ್ತೆ ಕೇಳಿದೆ: ಇದು ನಿನಗೆ ಹೇಗೆ ಗೊತ್ತಾಯಿತು? ‘ನಿಮ್ಮ ಫೈಲುಗಳಲ್ಲಿ ಇಂಥ ಯಾವುದೇ ಮಾಹಿತಿ ಇಲ್ಲ’ ಎಂದಿತು. ನೀನೇ ಹೇಳಿದೆಯಲ್ಲ ಎಂದರೆ, ಗೊಂದಲಕ್ಕೆ ಕ್ಷಮೆಯಿರಲಿ ಎಂದಿತು. ಒಂದೊಂದು ಫೈಲನ್ನೂ ನಾನೇ ತೆರೆದು ನೋಡಿದೆ. ಪಹಣಿಯಲ್ಲಿ ಇಲ್ಲ, ನಕ್ಷೆಯಲ್ಲಿ ಇಲ್ಲ. ಆ ಬದು ಇರುವ ಫೋಟೊ ಒಂದೂ ಇಲ್ಲ. ಅಪ್ಪ ಒಂದು ಸಾಲೂ ಬರೆದಿಟ್ಟವರಲ್ಲ. ಅಂಕಪಟ್ಟಿಯನ್ನು ಹಿಂದೆ ಮುಂದೆ ಓದಿದೆ. ಮನೋವಿಜ್ಞಾನದಲ್ಲಿ ನನಗೆ ಕಡಿಮೆ ಅಂಕ ಬಂದದ್ದು ಮತ್ತೊಮ್ಮೆ ನೆನಪಾದದ್ದಷ್ಟೇ ಲಾಭ. ಕಂಪನಿಗೆ ಬರೆದೆ. ಅನುಭವ ಹಂಚಿಕೊಂಡಿದ್ದಕ್ಕೆ ಧನ್ಯವಾದ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಉತ್ತರ ಬಂತು.

ಶಶಿಕಲಾ ಸಮಾಧಾನವಾಗಿ ವಿವರಿಸಿದರು. ಅದು ಊಹೆ ಮಾಡುತ್ತದೆ ಮೇಡಂ, ಹಳ್ಳಿ ಕಡೆ ಕೂಸನ್ನು ಬದುವಿನ ಹತ್ತಿರವೇ ಮಣ್ಣು ಮಾಡುತ್ತಾರೆ, ಮೇಲೆ ಕಲ್ಲು ಇಡುತ್ತಾರೆ, ಎಲ್ಲೋ ಓದಿ ಜೋಡಿಸಿರುತ್ತದೆ ಎಂದರು. ಸರಿ, ಬದು ಊಹೆ. ಕಲ್ಲು ಊಹೆ. ಒಡೆದ ರಾಗಿಕಲ್ಲೂ ಊಹೆಯೇ? ಆ ಪ್ರಶ್ನೆಗೆ ಅವರು ಗಡಿಯಾರ ನೋಡಿ ಕ್ಲಾಸಿಗೆ ಹೋದರು. ಭೀಮನಬೀಡಿನಲ್ಲಂತೂ ಯಾರಿಗೂ ವಿವರಣೆಯೇ ಬೇಕಿರಲಿಲ್ಲ. ಮುಂದಿನ ಸಲ ಹೋದಾಗ ಕಳೆದುಹೋದ ಎಮ್ಮೆ, ಒಡವೆ, ಗಂಡ, ಎಲ್ಲವನ್ನೂ ಹುಡುಕಿಸಲು ಜನ ಬಂದರು. ‘ನಿನ್ ಫೋನ್ಗೆ ಕಾಯ್ ಒಡ್ಯಕ್ ಬತ್ತಾವ್ರೆ, ತಟ್ಟೆ ಇಟ್ಬುಡನ ಸುಮ್ನಿರಕ್ಕ’ ಎಂದ ಮಾದಪ್ಪ.

ನಗು ಬಂತು, ಆದರೆ ಒಳಗಿನ ಸಿಟ್ಟು ಇಳಿಯಲಿಲ್ಲ. ಮೊದಮೊದಲು ಅದು ಆ ಯಂತ್ರದ ಮೇಲಿತ್ತು. ಕೇಳಿದ್ದಕ್ಕೆ ಉತ್ತರ ಕೊಡದೆ, ಕೊಟ್ಟ ಉತ್ತರವನ್ನು ನನ್ನದಲ್ಲ ಎನ್ನುವುದು ಯಾವ ಸೀಮೆಯ ಮರ್ಯಾದೆ? ಆಮೇಲೆ ಸಿಟ್ಟು ಜಾಗ ಬದಲಿಸಿತು. ತಾತನಿಗೆ ಗೊತ್ತಿತ್ತು, ಹೇಳಲಿಲ್ಲ. ಅಜ್ಜಿಗೆ ಗೊತ್ತಿತ್ತು, ಮುಖ ತಿರುಗಿಸಿದರು. ಅಪ್ಪನಿಗೆ ಗೊತ್ತಿತ್ತು, ಪ್ರತಿ ವರ್ಷ ಆ ಹೊಲಕ್ಕೆ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ಆ ಹೊಂಗೆಮರದ ನೆರಳಲ್ಲೇ ಬುತ್ತಿ ಬಿಚ್ಚುತ್ತಿದ್ದರು, ದೊಡ್ಡವ್ವ ಅವರಿಗೆ ಮುದ್ದೆ ಬಡಿಸುತ್ತಿದ್ದಳು. ಆಗಲೂ ಹೇಳಲಿಲ್ಲ. ಮುಂದಿನ ಬಸಿರು ನಿಂತು, ಮಾದಪ್ಪ ಹುಟ್ಟಿ, ಅವನಿಗೆ ಮೀಸೆ ನರೆತ ಮೇಲೂ ಯಾರೂ ಹೇಳಲಿಲ್ಲ. ಹೆತ್ತವಳಿಗೆ ಮನೆಯವರು ಹೇಳಲಾರದ್ದನ್ನು ಸ್ಕೂಟರಿಗೂ ಭಾವಮೈದುನನಿಗೂ ವ್ಯತ್ಯಾಸ ತಿಳಿಯದ ಒಂದು ಯಂತ್ರದ ಬಾಯಿಂದ ಕೇಳಬೇಕಾಯಿತಲ್ಲ!

ಹೆದರಿಕೆಯೂ ಇತ್ತು, ಇಲ್ಲವೆನ್ನುವುದಿಲ್ಲ. ಕೊಡದಿದ್ದನ್ನೂ ಓದಬಲ್ಲ ವಸ್ತುವನ್ನು ಮನೆಯಲ್ಲಿಟ್ಟುಕೊಂಡು ನಿದ್ದೆ ಮಾಡುವ ಜಾಯಮಾನ ನನ್ನದಲ್ಲ. ಒಂದು ದಿನ ಸಂಪರ್ಕ ಕಡಿದೆ. ಅದರ ಜೊತೆ ಆಡಿದ ಮಾತನ್ನೆಲ್ಲ ಅಳಿಸಿದೆ. ನಾನು ಹೆದರಿದ್ದ ಯಾವುದೂ ಆಗಲಿಲ್ಲ. ಪ್ರಶ್ನೆಪತ್ರಿಕೆ ಸೋರಲಿಲ್ಲ, ಪೊಲೀಸರು ಬರಲಿಲ್ಲ. ಅದಕ್ಕೆ ಹೇಗೆ ಗೊತ್ತಾಯಿತು ಎಂಬುದು ಮಾತ್ರ ಇವತ್ತಿಗೂ ನನಗೆ ಗೊತ್ತಿಲ್ಲ.

ದೊಡ್ಡವ್ವ ಈಗ ಸೋಮವಾರದ ಸಂಜೆ ಆ ಬದುವಿಗೆ ಹೋಗಿ ಕೂರುತ್ತಾಳೆ. ಹೋದ ತಿಂಗಳು ನನ್ನನ್ನೂ ಕರೆದುಕೊಂಡು ಹೋಗಿದ್ದಳು. ‘ಅದು ಏಳಿದ್ನ ಇನ್ನೊಂದ್ಸಲ ಓದವ್ವ’ ಎಂದಳು. ಅಳಿಸಿದ್ದೇನೆ ಎನ್ನಲು ಬಾಯಿ ಬರಲಿಲ್ಲ, ನೆನಪಿದ್ದಷ್ಟನ್ನು ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ‘ಅಷ್ಟೇಯಾ? ಕೂಸ್ನ ಇಬ್ರಲ್ಲಿ ಯಾರ್ ಎತ್ಕಂಡ್ ಓದ್ರು, ಏನ್ ಸುತ್ತಿದ್ರು, ಅದೇನೂ ಏಳ್ನಿಲ್ವಾ?’

ಆಗ ನೆನಪಾಯಿತು. ಆ ಉತ್ತರದ ತುದಿಯಲ್ಲಿ, ಸಣ್ಣ ನೀಲಿ ಅಕ್ಷರದಲ್ಲಿ, ‘ಇನ್ನಷ್ಟು ಓದಿ’ ಎಂದಿತ್ತು. ಅಂಕಪಟ್ಟಿಯ ಸಿಟ್ಟಿನಲ್ಲಿ ನಾನು ಅದನ್ನು ಒತ್ತಿರಲಿಲ್ಲ.