ಎರಡು ಕೈಯಲ್ಲೂ ನೂಲಿತ್ತು

ಸತ್ತವರು ಬಂದು ಮಾತಾಡಿಸಿದರು ಎಂದು ಯಾರಾದರೂ ಹೇಳಿದರೆ, ರಾತ್ರಿ ಏನು ಉಂಡು ಮಲಗಿದ್ದಿರಿ ಎಂದು ಕೇಳುತ್ತಿದ್ದವಳು ನಾನು. ಕಲ್ಯಾಣದುರ್ಗದ ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳಿಗೆ ಅಷ್ಟು ಜಂಬ ಇದ್ದೇ ಇರುತ್ತದೆ. ಈಗ ನೀವೂ ನನ್ನನ್ನು ಅದೇ ಕೇಳಿದರೆ ಬೇಸರವಿಲ್ಲ.

ನಮ್ಮದು ಹಿಂದೂಪುರದಲ್ಲಿ ನೇಯ್ಗೆಯ ಮನೆ. ನಾಲ್ಕು ಪವರ್‌ಲೂಮ್ ಒಟ್ಟಿಗೆ ಓಡುವಾಗ ಬಾಯಲ್ಲಿ ಆಡಿದ್ದು ಕಿವಿಗೆ ಬೀಳುವುದಿಲ್ಲ. ಹಾಗಾಗಿ ನಾನೂ ಅಕ್ಕನೂ ಚಿಕ್ಕಂದಿನಲ್ಲೇ ನಮ್ಮವೇ ಕೈಸನ್ನೆಗಳನ್ನು ಮಾಡಿಕೊಂಡಿದ್ದೆವು. ನೀರು ತಾ, ಎಳೆ ಹರಿಯಿತು, ಅಮ್ಮನಿಗೆ ಸಿಟ್ಟು ಬಂದಿದೆ, ಎಲ್ಲಕ್ಕೂ ಒಂದೊಂದು. ಅಮ್ಮನಿಗೂ ಅವು ತಿಳಿಯುತ್ತಿರಲಿಲ್ಲ. ನಮಗೆ ಅದೇ ಮಜಾ. ಆಮೇಲೆ ನನ್ನನ್ನು ಓದಿಸಬೇಕೆಂದು ಅಕ್ಕ ಮಗ್ಗದಲ್ಲೇ ಉಳಿದಳು.

ನನಗೆ ಕೆಲಸ ಸಿಕ್ಕ ಮೊದಲ ವರ್ಷ, ಒಂದು ಸೋಮವಾರ ಬೆಳಿಗ್ಗೆ ಬಸ್ಸು ತಪ್ಪೀತೆಂದು ಓಡುತ್ತಿದ್ದೆ. ಬಾಗಿಲು ದಾಟುವಾಗ ಅಕ್ಕ ಮಗ್ಗದ ಪಕ್ಕದಿಂದ ಕೈ ಎತ್ತಿದ್ದು ಓರೆಗಣ್ಣಿಗೆ ಕಂಡಿತು. ಏನೆಂದು ನೋಡಲು ನಿಲ್ಲಲಿಲ್ಲ. ಮಧ್ಯಾಹ್ನ ಅವಳು ಮಗ್ಗದ ಬಳಿಯೇ ಕುಸಿದಳಂತೆ; ನಾನು ವಾಪಸ್ ಬರುವಷ್ಟರಲ್ಲಿ ಜೀವ ಹೋಗಿತ್ತು. ಇರು ಎಂದಳೇ? ಮೈ ಸರಿಯಿಲ್ಲ ಎಂದಳೇ? ಹನ್ನೊಂದು ವರ್ಷ ಅದೊಂದೇ ನನ್ನನ್ನು ಕೊರೆಯಿತು.

ಮೂರು ವರ್ಷದ ಹಿಂದೆ ನಮ್ಮ ವಿದ್ಯಾರ್ಥಿಗಳು ತಾವೇ ಬರೆದು ಕಟ್ಟಿದ ನಾಟಕ, ನೃತ್ಯಗಳ ಸಂಜೆಯೊಂದನ್ನು ಇಟ್ಟುಕೊಂಡರು. ಗಡಿಯ ಕೊಡಿಕೊಂಡದ ಡಾಬಾದಲ್ಲಿ ಎರಡು ಭಾಷೆಯಲ್ಲಿ ಜಗಳವಾಡುವ ಲಾರಿಯವರ ನಾಟಕ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಕೊನೆಗೆ ಮಗ್ಗದ ಮೇಲೊಂದು ನೃತ್ಯ. ನಡುವೆ ನಿಂತವಳು ಬೆಳುಗುಪ್ಪದ ಕಡೆಯ ರೈತರ ಮಗಳು. ಮಗ್ಗವನ್ನು ಮೊಬೈಲಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವಳಲ್ಲ.

ಉಳಿದವರೆಲ್ಲ ಕುಣಿಯುತ್ತ ಒಳಗೆ ಸರಿದರು. ಅವಳೊಬ್ಬಳು ನಿಂತು, ನನ್ನ ಕಡೆಗೇ ನೋಡಿ, ಕಿರುಬೆರಳಿಂದ ಎಡಗಿವಿ ಮುಟ್ಟಿ, ಅಂಗೈಯನ್ನು ಎದೆಗಿಟ್ಟಳು. ಸ್ಕೂಲಿಗೆ ಹೊತ್ತಾಗಿ ನಾನು ಮಗ್ಗದ ಬಳಿ ಒದ್ದಾಡುವಾಗಲೆಲ್ಲ ಅಕ್ಕ ಮಾಡುತ್ತಿದ್ದ ಸನ್ನೆ ಅದು. ನೀನು ಹೋಗು, ಇಲ್ಲಿದು ನಾನು ನೋಡ್ಕೊಂತೀನಿ.

ಪರದೆಯ ಹಿಂದೆ ಹೋಗಿ, ಅದನ್ನು ಯಾರು ಕಲಿಸಿದರೆಂದು ಕೇಳಿದೆ. ಹುಡುಗಿ ಗಾಬರಿಯಾದಳು.

"ನಾನ್ ಕೈ ಎತ್ಲೇ ಇಲ್ಲ ಮೇಡಂ. ಲೈಟ್ ಕಣ್ಣಿಗ್ ಬಿತ್ತು, ಸುಮ್ಕೆ ನಿಂತ್ಕಂಬುಟ್ಟೆ. ಎರಡು ಕೈಯಾಗೂ ನೂಲು ಹಿಡ್ಕಂಡಿದ್ನಲ್ಲ."

ಹೌದು, ದಪ್ಪ ನೂಲಿನ ಎಳೆಗಳು ಇನ್ನೂ ಅವಳ ಎರಡೂ ಅಂಗೈಗೆ ಸುತ್ತಿ ಬಿಗಿದೇ ಇದ್ದವು. ನನ್ನ ಪಕ್ಕ ಕೂತಿದ್ದ ಇಂಗ್ಲಿಷ್ ಮೇಷ್ಟ್ರೂ ಅವಳು ಸುಮ್ಮನೆ ನಿಂತಿದ್ದಳೆಂದೇ ಹೇಳಿದರು. ನಿಮ್ಮ ಆಸೆಯೇ ಕಣ್ಣಿಗೆ ಕಂಡಿತು ಎನ್ನಬಹುದು. ಆಸೆ ಹನ್ನೊಂದು ವರ್ಷದಿಂದ ಇತ್ತಲ್ಲ, ಅಷ್ಟು ದಿನ ಯಾಕೆ ಕಾಣಲಿಲ್ಲ? ನನಗೆ ಇಂದಿಗೂ ಗೊತ್ತಿಲ್ಲ.

ಮುಂದಿನ ತಿಂಗಳು ಅದೇ ನೃತ್ಯ ಹಿಂದೂಪುರದಲ್ಲಿ ಆಯಿತು. ಆಸೆಯಿಂದಲೇ ಹೋದೆ. ಹುಡುಗಿ ಕಲಿತಂತೆ ಕುಣಿದು, ಉಳಿದವರ ಜೊತೆ ಒಳಗೆ ಸರಿದಳು. ಎಲ್ಲರೂ ಮತ್ತೆ ಬಂದು ಸಾಲಾಗಿ ಕೈಮುಗಿದಾಗ ನನ್ನಿಂದ ತಡೆಯಲಾಗಲಿಲ್ಲ. ಅಕ್ಕನಿಗೆ ಆ ಬೆಳಿಗ್ಗೆ ಕೊಡದ ಉತ್ತರ ಹಾಗೇ ಉಳಿದಿತ್ತು. ಕೈ ಎತ್ತಿ, ಹೋಗಿ ಬತ್ತೀನಿ ಎಂಬ ನಮ್ಮ ಸನ್ನೆ ಮಾಡಿದೆ.

ಪಕ್ಕದ ಹೆಂಗಸು ಯಾರಿಗೆಂದು ಕೇಳಿದರು. ನಮ್ಮವಳಿಗೆ ಎಂದೆ.

ಆಕೆ ಕತ್ತು ಚಾಚಿ ವೇದಿಕೆ ನೋಡಿದರು. "ಅಷ್ಟು ಜನದಾಗೆ ನಿಮ್ಮೋಳು ಯಾರಮ್ಮ?"

ತೋರಿಸಲು ಆಗಲಿಲ್ಲ.