ಯಜಮಾನರ ಪುಸ್ತಕದ ನಾಲ್ಕನೇ ಕಾಲಂ

ಸರ್ವರ್ ರೂಮಿನಲ್ಲಿ ಅರಿಶಿನದ ವಾಸನೆ ಬರಬಾರದು. ಅಲ್ಲಿ ಬರಬೇಕಾದದ್ದು ಕಾದ ಧೂಳಿನ ವಾಸನೆ, ಏಸಿಯ ಮುಗ್ಗಲು ವಾಸನೆ, ಹೆಚ್ಚೆಂದರೆ ಎಲ್ಲೋ ಸತ್ತ ಇಲಿಯ ವಾಸನೆ. ಹೋದ ಆಷಾಢದಲ್ಲಿ ನಮ್ಮ ಆಸ್ಪತ್ರೆಯ ಹಳೇ ಸರ್ವರನ್ನು ಗುಜರಿಗೆ ಹಾಕುವುದೆಂದು ತೀರ್ಮಾನವಾಯಿತು. ಕಬ್ಬಿಣದ ರ‍್ಯಾಕನ್ನು ಗೋಡೆಯಿಂದ ಈಚೆಗೆ ಎಳೆಸಿದಾಗ ಹಿಂದಿನ ಸಂದಿಯಿಂದ ಕಂದು ಕಾಗದದ ರಟ್ಟು ಹಾಕಿದ ಒಂದು ಉದ್ದನೆಯ ನೋಟ್‌ಬುಕ್ಕು ಕೆಳಗೆ ಬಿತ್ತು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿತ್ತು. ಹದಿನೆಂಟು ವರ್ಷದ ಹಿಂದಿನ ಅರಿಶಿನ. ವಾಸನೆ ನಿಜವಾಗಿ ಉಳಿದಿತ್ತೋ, ನನ್ನ ಮೂಗು ಕಲ್ಪಿಸಿಕೊಂಡಿತೋ... ನನ್ನ ಮೂಗನ್ನು ನಂಬುವ ಹಾಗಿಲ್ಲ. ಅದು ದಿನಕ್ಕೆ ಎರಡು ಸಲ ಇಲ್ಲದ ಗ್ಯಾಸಿನ ವಾಸನೆಯನ್ನೂ ಹಿಡಿಯುತ್ತದೆ.

“ಏನ್ಸಾರ್ ಅದು, ಇದ್ರ ಜೊತೇಗೇ ಹಾಕ್ಬಿಡ್ಲಾ?” ಎಂದು ಗುಜರಿಯವನು ಕೈ ಚಾಚಿದ. ನಾನು ಕೊಡಲಿಲ್ಲ.

ಅದು ಯಜಮಾನರ ಪುಸ್ತಕ.

ರಾಜಾಜಿನಗರದ ಈ ಆಸ್ಪತ್ರೆಗೆ ನಾನು ಸೇರಿದಾಗ ನನಗೆ ಇಪ್ಪತ್ತೇಳು. ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಎಂಬ ಹುದ್ದೆ, ಕೊರಳಲ್ಲಿ ನೇತಾಡುವ ಕಾರ್ಡು, ಗೋಡೆಗೆ ಹಾಕಲು ಎರಡು ಸರ್ಟಿಫಿಕೇಟು. ನನಗಿಂತ ಮೊದಲು ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ಎಲೆಕ್ಟ್ರಿಷಿಯನ್. ಬಿನ್ನಿಪೇಟೆಯ ಮಿಲ್ಲಿನಲ್ಲಿ ಮಗ್ಗಗಳ ಮೋಟಾರು ರಿಪೇರಿ ಮಾಡುತ್ತಿದ್ದವರು. ಮಿಲ್ಲು ಮುಚ್ಚಿದ ಮೇಲೆ ಆಸ್ಪತ್ರೆಯ ಫ್ಯಾನು, ಟ್ಯೂಬ್‌ಲೈಟು ನೋಡಿಕೊಳ್ಳಲು ಸೇರಿದ್ದರು. ಕಂಪ್ಯೂಟರು ಬಂದಾಗ ‘ಇದೂ ವೈರೇ ತಾನೇ’ ಎಂದು ಅದರ ವೈರನ್ನೂ ಎಳೆದು, ನೋಡನೋಡುತ್ತ ಅದಕ್ಕೂ ಒಡೆಯರಾಗಿಬಿಟ್ಟಿದ್ದರು. ದೊಡ್ಡ ಡಾಕ್ಟರಿಂದ ಆಯಾಗಳವರೆಗೆ ಎಲ್ಲರೂ ಅವರನ್ನು ‘ಯಜಮಾನ್ರೇ’ ಎಂದೇ ಕರೆಯುತ್ತಿದ್ದರು. ಅವರು ನನ್ನನ್ನು ಕರೆಯುತ್ತಿದ್ದದ್ದು ‘ಸರ್ಟಿಫಿಕೇಟ್ ಸಾರ್’ ಎಂದು. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ನಾನು ಎಷ್ಟೋ ದಿನ ಯೋಚಿಸಿದ್ದುಂಟು. ಅರ್ಧರ್ಧ ಎಂದು ಸಮಾಧಾನ ಮಾಡಿಕೊಂಡಿದ್ದೆ.

ನಮ್ಮ ಕೆಲಸ ಏನೆಂದು ನನ್ನ ಹೆಂಡತಿಗೇ ಇನ್ನೂ ಸರಿಯಾಗಿ ಹೇಳಲು ಬಂದಿಲ್ಲ. ಆದರೂ ಹೇಳಿ ನೋಡುತ್ತೇನೆ. ಪ್ರತಿ ಕಂಪ್ಯೂಟರಿನಲ್ಲೂ ಒಂದು ನೆಟ್‌ವರ್ಕ್ ಕಾರ್ಡು ಇರುತ್ತದೆ. ಅದಕ್ಕೆ ನಾವು ಕೈಯಾರೆ ಒಂದು ನಂಬರು ಕೊಡಬೇಕು. ಅದು ಆ ಯಂತ್ರದ ಮನೆ ನಂಬರು ಇದ್ದ ಹಾಗೆ. ಎರಡು ಮನೆಗೆ ಒಂದೇ ನಂಬರು ಕೊಟ್ಟರೆ ಪೋಸ್ಟ್‌ಮ್ಯಾನ್ ಕಥೆ ಮುಗಿಯಿತು. ದೂರದ ಯಂತ್ರ ಬದುಕಿದೆಯೋ ಇಲ್ಲವೋ ನೋಡಲು ಆ ನಂಬರಿಗೆ ಪಿಂಗ್ ಮಾಡುತ್ತೇವೆ. ಉತ್ತರ ಬಂದರೆ ನಮ್ಮ ಸರ್ವರ್ ಯಂತ್ರಕ್ಕೂ ಅದಕ್ಕೂ ಸಂಪರ್ಕ ಇದೆ ಎಂದು ಅರ್ಥ. ನನ್ನ ಸರ್ಟಿಫಿಕೇಟು ಇಷ್ಟನ್ನೇ ಹೇಳಿಕೊಟ್ಟಿತ್ತು.

ಯಜಮಾನರು ಇನ್ನೂ ಸ್ವಲ್ಪ ಹೇಳಿಕೊಟ್ಟರು. “ಪಿಂಗ್ ಅಂದ್ರೆ ಏನಿಲ್ಲ ಸಾರ್, ಬೀದೀಲಿ ನಿಂತ್ಕೊಂಡು ಹೆಸರು ಕೂಗೋದು. ಓ ಅಂದ್ರೆ ಯಾರೋ ಇದಾರೆ ಅಂತ. ಯಾರು ಅಂತ ಗೊತ್ತಾಗ್ಬೇಕಾದ್ರೆ ಮೆಟ್ಲು ಹತ್ತಿ ಹೋಗಿ ನೋಡ್ಬೇಕು.”

“ಓ ಅನ್ಲಿಲ್ಲ ಅಂದ್ರೆ ಯಜಮಾನ್ರೇ?”

“ಓ ಅನ್ಲಿಲ್ಲ ಅಂತ ಮನೇಲಿ ಯಾರೂ ಇಲ್ಲ ಅಂದ್ಕೋಬೇಡಿ. ಮಲ್ಗಿರ್ತಾರೆ, ಸ್ನಾನಕ್ಕೆ ಹೋಗಿರ್ತಾರೆ... ಇಲ್ಲಾ ನಿಮ್ ಮೇಲೆ ಕೋಪ ಇರತ್ತೆ.”

ಅದಕ್ಕೇ ಅವರು ಪುಸ್ತಕ ಇಟ್ಟಿದ್ದರು. ಸ್ಕೇಲಿನಲ್ಲಿ ಗೀಟು ಎಳೆದ ನಾಲ್ಕು ಕಾಲಂ. ನಂಬರು, ಯಾವ ಮೆಷಿನ್ನು, ಎಲ್ಲಿದೆ, ಕೊಟ್ಟವರ ರುಜು. ನಂಬರುಗಳೆಲ್ಲ ಕನ್ನಡ ಅಂಕಿಗಳಲ್ಲಿ. ಪುಸ್ತಕ ನೋಡದೆ ಯಾವ ಕಾರ್ಡಿಗೂ ನಂಬರು ಕೊಡುವಂತಿಲ್ಲ, ಕೊಟ್ಟ ಮೇಲೆ ರುಜು ಹಾಕದೆ ಎದ್ದು ಹೋಗುವಂತಿಲ್ಲ. ಆಯುಧಪೂಜೆಯ ದಿನ ಸರ್ವರಿಗೆ, ವೈರಿನ ತುದಿ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲಿಗೆ, ಟೆಸ್ಟರಿಗೆ ಕುಂಕುಮ. ಪುಸ್ತಕದ ನಾಲ್ಕು ಮೂಲೆಗೆ ಅರಿಶಿನ. ನಾನು ಒಳಗೊಳಗೇ ನಗುತ್ತಿದ್ದೆ. ಲ್ಯಾಬಿನವರ ಎದುರು ಹೊರಗೂ ನಕ್ಕಿದ್ದೇನೆ. “ನಮ್ಮ ಯಜಮಾನ್ರ ಡೇಟಾಬೇಸಿಗೆ ಮಂಗಳಾರತಿ ಆಯ್ತಾ?” ಎಂದು ಕೇಳಿದ್ದು ನಾನೇ. ಅವರು ಬತ್ತಿ ಸರಿಮಾಡುತ್ತ, “ನಿಮ್ ಡೇಟಾಬೇಸು ಕರೆಂಟ್ ಹೋದ್ರೆ ಹೋಗತ್ತೆ ಸಾರ್. ಇದು ಕರೆಂಟ್ ಹೋದ್ರೂ ಇರತ್ತೆ” ಎಂದಿದ್ದರು.

ಎರಡು ವರ್ಷ ಹೀಗೆ ಕಳೆಯಿತು. ಆಮೇಲೆ ಕೆಂಗೇರಿಯ ಆ ಪ್ರಿಂಟರು ಬಂತು.

ಕೆಂಗೇರಿಯಲ್ಲಿ ನಮ್ಮದೊಂದು ಶಾಖೆ ಇತ್ತು. ಅಲ್ಲಿ ತೆಗೆದ ರಕ್ತ ರಾಜಾಜಿನಗರದ ಲ್ಯಾಬಿಗೆ ಬರುತ್ತಿತ್ತು, ರಿಪೋರ್ಟು ಸರ್ವರ್ ಮೂಲಕ ಅಲ್ಲಿನ ಸಿಸ್ಟರ್ ಮೇಜಿನ ಕಂಪ್ಯೂಟರಿಗೆ ಹೋಗುತ್ತಿತ್ತು. ಹೊಸ ಪ್ರಿಂಟರು ಕೂರಿಸಲು ನಾನೊಬ್ಬನೇ ಹೋದೆ. ಪುಸ್ತಕ ಒಯ್ಯಲಿಲ್ಲ. ಮಧ್ಯಾಹ್ನದ ಹೊತ್ತು, ಸಿಸ್ಟರ್ ಕಂಪ್ಯೂಟರ್ ಆರಿಸಿ ಊಟಕ್ಕೆ ಹೋಗಿದ್ದರು. ಬಾಯಿಗೆ ಬಂದ ಒಂದು ನಂಬರಿಗೆ ಪಿಂಗ್ ಮಾಡಿದೆ. ಯಾರೂ ಓ ಅನ್ನಲಿಲ್ಲ. ಖಾಲಿ ನಂಬರು ಎಂದುಕೊಂಡು ಅದನ್ನೇ ಪ್ರಿಂಟರಿನ ಕಾರ್ಡಿಗೆ ಕೊಟ್ಟು ಬಸ್ಸು ಹತ್ತಿದೆ. ಅದು ಸಿಸ್ಟರ್ ಕಂಪ್ಯೂಟರಿನ ನಂಬರು. ಆರಿಸಿದ್ದ ಕಂಪ್ಯೂಟರು ಹೇಗೆ ಓ ಅಂದೀತು? ಮನೆಗೆ ಬೀಗ ಹಾಕಿ ಹೊರಟು, ತಿರುವಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ವಾಪಸು ಬರುವ ಪೈಕಿ ನಾನು. ಆ ಒಂದು ದಿನ ಮಾತ್ರ ನನಗೆ ಯಾವ ಅನುಮಾನವೂ ಬರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಸಿಸ್ಟರ್ ಕಂಪ್ಯೂಟರ್ ಹಾಕಿದಾಗ ಆ ನಂಬರಿನಲ್ಲಿ ಆಗಲೇ ಪ್ರಿಂಟರು ಕೂತಿತ್ತು. ಪರದೆಯ ಮೇಲೆ ಎಚ್ಚರಿಕೆ ಬಂತು. ಅವರು ಎಲ್ಲರಂತೆ ಓಕೆ ಒತ್ತಿದರು. ಕಂಪ್ಯೂಟರು ಜಾಲದಿಂದ ಆಚೆ ಬಿತ್ತು.

“ಸಾರ್, ಒಂದು ರಿಪೋರ್ಟೂ ಬರ್ತಾ ಇಲ್ಲ” ಎಂದು ಫೋನು ಬಂತು. ನಾನು ಸರ್ವರಿನ ಮುಂದೆ ಕೂತು ಅವರ ನಂಬರಿಗೆ ಪಿಂಗ್ ಮಾಡಿದೆ. ನಾಲ್ಕಕ್ಕೆ ನಾಲ್ಕೂ ಉತ್ತರ ಬಂತು.

“ನಮ್ಮ ಕಡೆಯಿಂದ ಎಲ್ಲಾ ಸರಿ ಇದೆ ಸಿಸ್ಟರ್. ನೀವೇ ಒಂದ್ಸಲ ಆಫ್ ಮಾಡಿ ಆನ್ ಮಾಡಿ.”

ಮೂರು ಸಲ ಫೋನು ಬಂತು. ಮೂರು ಸಲವೂ ಅದೇ ಉತ್ತರ ಕೊಟ್ಟೆ. ‘ಕೆಂಗೇರಿಗೆ ರಿಪೋರ್ಟು ಹೋಗ್ತಾ ಇದೆಯಾ, ಇಲ್ಲಾ ಫೋನಲ್ಲಿ ಓದಿ ಹೇಳೋಣವಾ’ ಎಂದು ಲ್ಯಾಬಿನವರು ಕೇಳಿದಾಗಲೂ, ಹೋಗ್ತಾ ಇದೆ ಎಂದೆ. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಯಜಮಾನರು ಕೇಳಿಸಿಕೊಳ್ಳುತ್ತಿದ್ದರು.

“ಸಾರ್, ಒಂದ್ ನಡೆ ಹೋಗಿ ನೋಡ್ಕೊಂಡ್ ಬನ್ನಿ.”

“ಓ ಅಂತಿದೆಯಲ್ಲ ಯಜಮಾನ್ರೇ, ಕಣ್ಣೆದುರಿಗೇ ಕಾಣ್ತಿದೆ.”

“ಓ ಅಂತಿರೋದು ಯಾರು?”

ಅವರು ಎದ್ದು, ಜೇಬಿಗೆ ಟೆಸ್ಟರ್ ಸಿಕ್ಕಿಸಿಕೊಂಡು ಹೊರಟರು. ವಿಜಯನಗರದ ಮೇಲೆ ಹೋಗುವ ಒಂದು ಬಸ್ಸು, ದೀಪಾಂಜಲಿ ನಗರದ ಹತ್ತಿರ ಇಳಿದು ಮೈಸೂರು ರಸ್ತೆಯಲ್ಲಿ ಇನ್ನೊಂದು ಬಸ್ಸು. ಹೋಗಿ ತಲುಪುವಷ್ಟರಲ್ಲಿ ಒಂದೂವರೆ ಗಂಟೆ. ಪ್ರಿಂಟರಿನ ವೈರು ಕಿತ್ತ ಕ್ಷಣವೇ ರಹಸ್ಯ ಬಯಲಾಯಿತಂತೆ. ಅಷ್ಟು ಹೊತ್ತೂ ನನಗೆ ಓಗೊಟ್ಟಿದ್ದು ಆ ಪ್ರಿಂಟರು.

ಬರದೆ ಉಳಿದ ರಿಪೋರ್ಟುಗಳಲ್ಲಿ ಒಂದು, ಅಲ್ಲಿ ಮಲಗಿದ್ದ ಅಜ್ಜಿಯೊಬ್ಬರದು. ಪೊಟ್ಯಾಸಿಯಂ ಮಿತಿ ಮೀರಿತ್ತು. ಡಾಕ್ಟರು ಅದನ್ನು ನೋಡುವ ಹೊತ್ತಿಗೆ ಅಜ್ಜಿಗೆ ಎಚ್ಚರ ತಪ್ಪಿ, ಆಂಬುಲೆನ್ಸಿನಲ್ಲಿ ಬೇರೆ ಕಡೆ ಸಾಗಿಸಬೇಕಾಯಿತು. ಹತ್ತು ದಿನದ ಮೇಲೆ ಮನೆಗೆ ಹೋದರು ಎಂದು ಕೇಳಿದೆ. ಮೊದಲಿನ ಹಾಗೆ ಓಡಾಡಲು ಆಗಲಿಲ್ಲ ಎಂದೂ ಕೇಳಿದೆ... ಎರಡನೆಯದನ್ನು ಹೆಚ್ಚು ವಿಚಾರಿಸಲು ಹೋಗಲಿಲ್ಲ.

ಅಜ್ಜಿಯ ಮಕ್ಕಳು ಬಂದು ಕೂಗಾಡಿ ಹೋದ ಮೇಲೆ ಮ್ಯಾನೇಜರು ನಮ್ಮಿಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಪುಸ್ತಕ ತೆರೆದಿತ್ತು. ಯಜಮಾನರು ಕೆಂಗೇರಿಯಿಂದ ಬಂದವರೇ, ತಮ್ಮ ಅಭ್ಯಾಸದಂತೆ, ಪ್ರಿಂಟರಿಗೆ ಯಾವ ನಂಬರು ಕೊಡಲಾಗಿತ್ತು ಎಂಬುದನ್ನು ಬರೆದು, ಅದನ್ನು ಹೊಡೆದುಹಾಕಿ, ಕೆಳಗೆ ಹೊಸ ನಂಬರು ಬರೆದಿದ್ದರು.

“ಇದು ನಿಮ್ಮ ಅಕ್ಷರಾನಾ?”

“ಹೌದು ಸಾರ್, ನಂದೇ.”

“ಮತ್ತೆ? ಒಂದೇ ನಂಬರು ಎರಡಕ್ಕೆ ಹೆಂಗ್ರೀ ಕೊಟ್ರಿ?”

ಯಜಮಾನರು ನಿಧಾನವಾಗಿ ತಿರುಗಿ ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಅದರಲ್ಲಿ ಮುಂದಿನ ತಿಂಗಳು ನನ್ನ ಮದುವೆ ಇತ್ತು. ಲಗ್ನಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ಹುದ್ದೆಯೂ ಅಚ್ಚಾಗಿ ಹೋಗಿತ್ತು. ಬಾಯಿ ತೆರೆದೆ ಎಂದು ನನಗೆ ನೆನಪು. ಶಬ್ದ ಬರಲಿಲ್ಲ. ಅಷ್ಟು ವಯಸ್ಸಾದವರಿಗೆ ಈ ಕೆಲಸ ಕೊಟ್ಟದ್ದೇ ತಪ್ಪು ಎಂದು ಮ್ಯಾನೇಜರು ಪುಸ್ತಕ ಮುಚ್ಚಿದರು. ಒಂದನೇ ತಾರೀಖಿನಿಂದ ಬರಬೇಡಿ ಎಂದರು.

ಗೇಟಿನ ತನಕ ಹಿಂದೆಯೇ ಹೋದೆ. ಬೈದರೆ ಸಾಕಿತ್ತು. ಅವರು ಚಪ್ಪಲಿ ಸರಿಮಾಡಿಕೊಂಡು, “ನೀವು ಓ ಅಂತೀರಾ ಅಂತ ಕಾಯ್ತಾ ಇದ್ದೆ ಸಾರ್” ಎಂದು ಹೇಳಿ ಬಸ್‌ಸ್ಟಾಪಿನ ಕಡೆ ನಡೆದರು.

ಮದುವೆಗೆ ಅವರು ಬರಲಿಲ್ಲ. ಪುಸ್ತಕವನ್ನು ನಾನು ರ‍್ಯಾಕಿನ ಮೇಲೆ ಎಸೆದು, ಎಕ್ಸೆಲ್ ಶೀಟು ಮಾಡಿಕೊಂಡೆ. ಮರುವರ್ಷ ಅವರೇ ಒಮ್ಮೆ ಫೋನು ಮಾಡಿ, ಪುಸ್ತಕ ಇನ್ನೂ ಇದೆಯಾ, ಒಂದು ಪುಟ ನೋಡಬೇಕಿತ್ತು ಎಂದರು. ಹುಡುಕಿ ಹೇಳುತ್ತೇನೆ ಎಂದೆ. ರ‍್ಯಾಕಿನ ಮೇಲೆ ಕಾಣಲಿಲ್ಲ. ಹಿಂದೆ ಬಗ್ಗಿ ನೋಡಲಿಲ್ಲ. ಕೆಲವು ವರ್ಷದ ಮೇಲೆ ಅವರ ನಂಬರು ವಾಟ್ಸಾಪಿನಲ್ಲಿ ಕಾಣಿಸಿತು. ಧೈರ್ಯ ಮಾಡಿ ಆಯುಧಪೂಜೆಯ ಶುಭಾಶಯ ಕಳಿಸಿದೆ. ಅರ್ಧ ಗಂಟೆಯಲ್ಲಿ ಕೈಮುಗಿದ ಚಿತ್ರ ಬಂತು. ನನಗಾದ ಹಗುರ ಅಷ್ಟಿಷ್ಟಲ್ಲ. ಆಮೇಲೆ ಪ್ರತಿ ಯುಗಾದಿ, ಪ್ರತಿ ದಸರೆ ನಾನು ಕಳಿಸುವುದು, ಆ ಕಡೆಯಿಂದ ಕೈಮುಗಿಯುವುದು. ಅವರ ಮನೆ ಹೇರೋಹಳ್ಳಿ. ಬಸವೇಶ್ವರನಗರದ ನನ್ನ ಮನೆಯಿಂದ ಸ್ಕೂಟರಿನಲ್ಲಿ ಅರ್ಧ ಗಂಟೆ. ಒಮ್ಮೆಯೂ ಹೋಗಲಿಲ್ಲ. ಉತ್ತರ ಬರುತ್ತಿದೆಯಲ್ಲ, ಎಲ್ಲಾ ಸರಿ ಇದೆ...

ಆಷಾಢದ ಆ ದಿನ, ಗುಜರಿಯವರು ಹೋದ ಮೇಲೆ, ಪುಸ್ತಕದ ಕೊನೆಯ ಪುಟ ತೆರೆದೆ. ಪ್ರಿಂಟರಿನ ಸಾಲು ಇತ್ತು. ನಂಬರು, ಮೆಷಿನ್ನು, ಜಾಗ, ಎಲ್ಲಾ ಅವರ ಅಕ್ಷರದಲ್ಲಿ. ನಾಲ್ಕನೇ ಕಾಲಂ ಖಾಲಿ. ಕೆಳಗಿನ ಹೊಸ ನಂಬರಿಗೆ ಅವರ ರುಜು ಇತ್ತು, ಹೊಡೆದುಹಾಕಿದ್ದಕ್ಕೆ ಇರಲಿಲ್ಲ. ಆ ಜಾಗವನ್ನು ನನ್ನ ರುಜುವಿಗೆಂದು ಬಿಟ್ಟಿದ್ದರು. ಮ್ಯಾನೇಜರು ಅದನ್ನು ನೋಡಲಿಲ್ಲ, ಕ್ಯಾಲೆಂಡರು ನೋಡುತ್ತಿದ್ದ ನಾನಂತೂ ನೋಡಲಿಲ್ಲ. ಮೂರು ಪುಟ ಹಿಂದಕ್ಕೆ ಹೋದರೆ ಸಿಸ್ಟರ್ ಕಂಪ್ಯೂಟರಿನ ನಂಬರು ದುಂಡಗೆ, ಸ್ಪಷ್ಟವಾಗಿ ಇತ್ತು. ಅವತ್ತು ಪುಸ್ತಕ ತೆರೆದಿದ್ದರೆ ಕುರುಡನಿಗೂ ಕಾಣುತ್ತಿತ್ತು.

ಮುಂದಿನ ಭಾನುವಾರ ಬೆಳಗ್ಗೆ ಹೇರೋಹಳ್ಳಿಯ ಗುಂಡಿಗಳನ್ನು ಎಣಿಸುತ್ತ ಹೋದೆ. ಮೊದಲನೇ ಮಹಡಿ. ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ. ಬಾಗಿಲು ತೆಗೆದವರು ಅವರ ಮಗಳು. ಹಜಾರದ ಗೋಡೆಯ ಮೇಲೆ ಯಜಮಾನರು ಇದ್ದರು, ಹಾರ ಹಾಕಿಸಿಕೊಂಡು. ಫೋಟೋದಲ್ಲೂ ಜೇಬಿನಲ್ಲಿ ಟೆಸ್ಟರು ಇತ್ತು.

“ಅಪ್ಪ ಹೋಗಿ ನಾಲ್ಕು ವರ್ಷ ಆಯ್ತಲ್ಲ ಸಾರ್.”

“ಯುಗಾದಿಗೆ ಮೆಸೇಜು ಬಂತಲ್ಲಮ್ಮಾ...”

“ಅದು ನಾನು ಸಾರ್. ಗ್ಯಾಸು, ಬ್ಯಾಂಕು ಎಲ್ಲಾ ಅಪ್ಪನ ನಂಬರಿಗೇ ಇದೆ, ಫೋನ್ ನನ್ ಹತ್ರಾನೇ ಇರತ್ತೆ. ಯಾರು ಕಳ್ಸಿದ್ರೂ ಕೈಮುಗಿದಿರೋದು ಒಂದು ಒತ್ಬಿಡ್ತೀನಿ.” ಆಮೇಲೆ ನನ್ನ ಮುಖ ನೋಡಿ, “ನೀವು ‘ಸರ್ಟಿಫಿಕೇಟ್ ಸಾರ್’ ಅಲ್ವಾ? ಫೋನಲ್ಲಿ ಹಂಗೇ ಇದೆ” ಎಂದರು.

ಕೂತುಕೊಂಡೆ. ಪುಸ್ತಕ ತೆರೆದು ಆ ಸಾಲು ತೋರಿಸಿದೆ. ಪೆನ್ನು ತೆಗೆದು ನಾಲ್ಕನೇ ಕಾಲಂನಲ್ಲಿ ರುಜು ಹಾಕಿದೆ. ಏನ್ಸಾರ್ ಇದು ಎಂದು ಕೇಳಿದರು. ಎಲ್ಲವನ್ನೂ ಹೇಳಿದೆ, ಪ್ರಿಂಟರು, ಪಿಂಗು, ಕ್ಯಾಲೆಂಡರು, ಯಾವುದನ್ನೂ ಬಿಡಲಿಲ್ಲ.

“ಅಪ್ಪ ಕೊನೆಕೊನೇಲಿ ಬಲ್ಬ್ ಹಾಕಿದ್ರೂ ನನ್ ಕೈಲಿ ಎರಡ್ ಸಲ ನೋಡಿಸ್ತಿದ್ರು ಸಾರ್” ಎಂದರು. “‘ಸಿಸ್ಟರ್ ನಂಬರು ನಾನು ಬರ್ಯೋದೇ ಮರ್ತಿದ್ನಾ? ಸಾರ್ ಪುಸ್ತಕ ನೋಡಿದಾರೆ, ಅದ್ರಲ್ಲಿ ಇಲ್ದೇ ಇದ್ದಿದ್ಕೆ ಕೊಟ್ಟಿದಾರೇನೋ’ ಅಂತ ಅಮ್ಮನ್ನ ಕೇಳೋರು, ನನ್ನ ಕೇಳೋರು. ನಮಗೇನ್ ಗೊತ್ತು, ಏನ್ ಹೇಳೋಣ?”

ಅವರು ನೋಡಬೇಕೆಂದಿದ್ದ ಪುಟ ಅದು. ಮೂರು ಪುಟ ಹಿಂದಿನದು. ಅನುಮಾನ ಎಂಬುದು ನನ್ನ ಕಾಯಿಲೆ, ಹುಟ್ಟಿನಿಂದ ಬಂದದ್ದು. ಅದನ್ನು ನಾನು ಆ ಮನುಷ್ಯನಿಗೆ ಅಂಟಿಸಿದ್ದೆ, ಔಷಧಿಯನ್ನು ರ‍್ಯಾಕಿನ ಹಿಂದೆ ಬೀಳಿಸಿಕೊಂಡು.

ಆಕೆ ಆ ಪುಟವನ್ನು ತೆಗೆಸಿ, ಬೆರಳಿಟ್ಟು ನಂಬರನ್ನು ಓದಿದರು. “ಬರ್ದಿದಾರೆ” ಎಂದು ಫೋಟೋದ ಕಡೆ ತಿರುಗಿ ಹೇಳಿದರು. ಪುಸ್ತಕವನ್ನು ವಾಪಸು ಕೊಡಲಿಲ್ಲ. ಕಾಫಿ ಬೇಕಾ ಎಂದು ಕೇಳಲಿಲ್ಲ. ನಾನು ಮೆಟ್ಟಿಲು ಇಳಿದು ಬಂದೆ.

ಮೊನ್ನೆ ಆಯುಧಪೂಜೆ ಆಯಿತು. ಸರ್ವರಿಲ್ಲದ ಸರ್ವರ್ ರೂಮಿನಲ್ಲಿ ನನ್ನ ಲ್ಯಾಪ್‌ಟಾಪಿಗೆ ನಾನೇ ಕುಂಕುಮ ಇಟ್ಟುಕೊಂಡೆ. ಕಳಿಸಬೇಕೋ ಬೇಡವೋ ಎಂದು ಬೆಳಗಿನಿಂದ ಒದ್ದಾಡಿ, ಕೊನೆಗೆ ಆ ನಂಬರಿಗೆ ಶುಭಾಶಯ ಕಳಿಸಿದೆ. ಎರಡು ಟಿಕ್ ಬಿತ್ತು. ಸ್ವಲ್ಪ ಹೊತ್ತಿಗೆ ನೀಲಿಯಾಯಿತು, ಓದಿದ್ದಾರೆ. ಕೈಮುಗಿದ ಚಿತ್ರ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಓ ಅನ್ನದೇ ಇರುವುದಕ್ಕೆ ಯಜಮಾನರು ಮೂರು ಕಾರಣ ಹೇಳಿದ್ದರು. ಮೊದಲ ಎರಡು, ನಿದ್ದೆ ಮತ್ತು ಸ್ನಾನ, ಇರಲಾರವು.