ತಣ್ಣನೆಯ ಮೈಮೇಲೆ ನಿಂತ ವಸ್ತಾದ

ಕುಸುಬಿ ಎಣ್ಣೆಗೆ ಬೆಳ್ಳುಳ್ಳಿ, ಅಜವಾನ ಹಾಕಿ ಕಾಸಿದ ವಾಸನೆ. ಮೊನ್ನೆ ನಮ್ಮ ಹತ್ತಿ ಗಿರಣಿಯ ಅಂಗಳದಲ್ಲಿ ಒಬ್ಬ ಹಮಾಲ ಸೊಂಟಕ್ಕೆ ತಿಕ್ಕಿಕೊಳ್ಳುತ್ತಿದ್ದ. ಅದು ಮೂಗಿಗೆ ಬಡಿದದ್ದೇ ತಡ, ಮಸ್ಕಿಯ ಕುಸ್ತಿ ತಾಲೀಮು, ಅಲ್ಲಿನ ಕೆಮ್ಮಣ್ಣು, ಆ ವಸ್ತಾದ... ಎಲ್ಲ ಬಂತು. ಬೇಡವೆಂದರೂ ಬಂತು.

ಎದುರಿಗಿದ್ದಾಗ ನಾವೆಲ್ಲ ಅವನಿಗೆ ರೀ ಹಚ್ಚುತ್ತಿದ್ದೆವು. ಇಲ್ಲಿ ಹಚ್ಚುವುದಿಲ್ಲ. ನಾನು ಓದಿದ್ದು ಎರಡೇ ಇಯತ್ತೆ, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಅವನು ಹೊಟ್ಟೆ ದಪ್ಪ, ಮೀಸೆ ದಪ್ಪ, ಬುದ್ಧಿ ತೆಳ್ಳಗಿನ ಮನುಷ್ಯ. ಕುಸ್ತಿ ಕಲಿಸುತ್ತೇನೆ ಎನ್ನುತ್ತಿದ್ದ. ಕಲಿಸಿದ್ದು ಹಲ್ಲು ಕಚ್ಚುವುದನ್ನು.

ಗುಡ್ಡದ ಬುಡದಲ್ಲಿ ತಾಲೀಮಿನ ಗರಡಿಮನೆ. ಬೆಳಗಿನ ಚಳಿಯಲ್ಲಿ ಹಾಸಿಗೆಯಿಂದ ಎದ್ದು ನೇರ ಅಲ್ಲಿಗೆ ಹೋಗಬೇಕು. ದಂಡ ಹೊಡೆಯುವ, ಬೈಠಕ್ ಹಾಕುವ ಮೊದಲೇ ಕಾಲು ಅಗಲಿಸಿ ನೆಲಕ್ಕೆ ಕೂರಬೇಕು. ತೊಡೆ ನೆಲ ಮುಟ್ಟದಿದ್ದರೆ ಅವನು ಮಂಚದಿಂದ ಇಳಿದು ಬಂದು, ಜಂತಿಗೆ ಕಟ್ಟಿದ ಹಗ್ಗ ಹಿಡಿದು, ತೊಡೆಯ ಮೇಲೆ ಹತ್ತಿ ನಿಲ್ಲುತ್ತಿದ್ದ. ಸುಮ್ಮನೆ ನಿಲ್ಲುವುದೂ ಅಲ್ಲ, ಕುಲುಕುತ್ತಿದ್ದ.

"ಬಿಸಿ ಮೈ ಸುಳ್ಳ ಹೇಳತೈತಿ. ತಣ್ಣಗಿದ್ದಾಗ ಬಗ್ಗಿಸಬೇಕ್ಲೇ. ಅವಾಗ ಗೊತ್ತಾಗತೈತಿ ಗಂಡಸೋ ಅಲ್ಲೋ ಅಂತ" ಎನ್ನುತ್ತಿದ್ದ.

ಹಾಗೆ ನಿಂತಾಗ ಕೆಲವೊಮ್ಮೆ ತೊಡೆಯೊಳಗೆ ಟಪ್ ಎನ್ನುತ್ತಿತ್ತು. "ಗಂಟು ಬಿಚ್ಚಿತು!" ಎಂದು ಅವನು ಕೂಗುತ್ತಿದ್ದ. ಕೂಡಲೇ ಎಲ್ಲರಿಗೂ ಬೆಲ್ಲ. ಅದು ಆ ತಾಲೀಮಿನ ಪದ್ಧತಿ. ಗಂಟು ಬಿಚ್ಚಿಸಿಕೊಂಡವನು ಗೋಡೆ ಹಿಡಿದು ಮನೆಗೆ ಹೋಗುತ್ತಿದ್ದ, ಎಂಟು ದಿನ ಬರುತ್ತಿರಲಿಲ್ಲ. ಕೆಲವರು ಮತ್ತೆ ಬರಲೇ ಇಲ್ಲ. ನಾವು ಬೆಲ್ಲ ತಿಂದೆವು. ಅವರೆಲ್ಲಿ ಹೋದರು ಎಂದು ಒಬ್ಬನೂ ಕೇಳಲಿಲ್ಲ. ಅಂಥ ಜಾಣರು ನಾವು.

ಆ ವರ್ಷ ಲಿಂಗಸುಗೂರಿನಲ್ಲಿ ದೊಡ್ಡ ಕುಸ್ತಿ ಇತ್ತು. ಗೆದ್ದವನನ್ನು ಅಲ್ಲಿನ ಠಾಣೆಯ ಅಮೀನ ಸಾಹೇಬರು ಪೊಲೀಸ್ ಜವಾನನಾಗಿ ಸೇರಿಸಿಕೊಳ್ಳುತ್ತಾರೆ ಎಂಬ ಮಾತು ಬಂತು. ನನಗೆ ಹತ್ತೊಂಬತ್ತು. ಗಿರಣಿಯಲ್ಲಿ ಹತ್ತಿ ಹೊರುವುದು ಬಿಟ್ಟು ಸರ್ಕಾರದ ಪಗಡಿ ಸುತ್ತಿಕೊಳ್ಳಲು ನನ್ನಂಥವನಿಗೆ ಇದ್ದ ದಾರಿ ಅದೊಂದೇ. ಓದು ಇಲ್ಲ, ವಶೀಲಿ ಇಲ್ಲ. ಮೈ ಒಂದಿತ್ತು.

ಗಿರಣಿಯಲ್ಲಿ ಹಮಾಲರ ಮುಖ್ಯಸ್ಥನಾಗಿದ್ದವನು ಖಾಸಿಂ ಚಾಚಾ. ಅರವತ್ತಾದರೂ ಎರಡಾಳಿನ ಮೂಟೆ ಎತ್ತುತ್ತಿದ್ದ. ಹೊಸಬ ಯಾರೇ ಬರಲಿ, ಮೂಟೆ ಮುಟ್ಟುವ ಮೊದಲು ಹತ್ತಿಯ ರಾಶಿಯ ಸುತ್ತ ಮೂರು ಸುತ್ತು ಬಿರುಸಾಗಿ ನಡೆಸುತ್ತಿದ್ದ. ಕೈ ಬೀಸಿಸುತ್ತಿದ್ದ. ಮೂಗಿನ ಮೇಲೆ ಬೆವರು ಬಂದ ಮೇಲೆಯೇ ಬಗ್ಗುವುದು, ಅದೂ ಮೆಲ್ಲಗೆ. ನಾನು ದಬದಬ ಕುಲುಕಿ ಬಗ್ಗಿದಾಗ ನನ್ನ ಬೆನ್ನಿಗೆ ಒಂದು ಕೊಟ್ಟ.

"ಅರೇ ಮಿಯಾ, ಠಂಡಿ ಮೈ ಮ್ಯಾಲ ಜೋರ್ ಮಾಡಬ್ಯಾಡ. ಎಳದಂಗ ಆಗತೈತಲ್ಲ, ಅಲ್ಲೇ ನಿಂದ್ರು. ಹತ್ತು ಸಲ ಉಸುರು ಬಿಡು. ಕುಲುಕಬ್ಯಾಡ. ನೋವು ಬಂತಂದ್ರ ಹಿಂದ ಬಾ. ನೋವಿನ ಕೂಡ ಜಿದ್ದೇನು? ನಿನ್ನ ಮೈನೇ ಐತಿ, ದುಶ್ಮನ್ ಅಲ್ಲ."

ಹದಿನೈದು ದಿನ ಹಾಗೇ ಮಾಡಿದೆ. ಅಂಗೈ ನೆಲಕ್ಕೆ ಹತ್ತಿತು. ಎಲ್ಲೂ ನೋವಿಲ್ಲ. ಕುಸ್ತಿಯ ಹಿಂದಿನ ದಿನ ಆ ಖುಷಿಯಲ್ಲಿ ತಾಲೀಮಿಗೆ ಹೋಗಿ, ಮಣ್ಣಿನ ಸುತ್ತ ನಡೆಯತೊಡಗಿದೆ. ವಸ್ತಾದ ನೋಡಿದ.

"ಏನ್ಲೇ, ಗಾಣದೆತ್ತಿನಂಗ ತಿರಗಾಕತ್ತೀ?"

"ಮೈ ಬಿಸಿ ಮಾಡ್ಕೊಳ್ಳಾಕತ್ತೀನ್ರೀ. ಆಮ್ಯಾಲ ಬಗ್ಗಿದ್ರ ಚಲೋ ಆಗತೈತ್ರೀ. ಖಾಸಿಂ ಚಾಚಾ ತೋರಿಸ್ಯಾನ."

ಅವನು ಹೊಟ್ಟೆ ಕುಣಿಸಿ ನಕ್ಕ. "ಕೇಳ್ರಲೇ! ಮೂಟಿ ಹೊರೋರು ಕುಸ್ತಿ ಕಲಸ್ತಾರಂತ! ನಾಳೆ ಅಮೀನ ಸಾಹೇಬ್ರ ಮುಂದ ಕುಸ್ತಿ ಬಿಟ್ಟು ಮೂಟಿ ಎತ್ತಿ ತೋರ್ಸು. ಕೂಡು ಕೆಳಗ."

ಎಲ್ಲರೂ ನಕ್ಕರು. ನನಗೆ ಗೊತ್ತಿತ್ತು, ಕೂರಬಾರದೆಂದು ಗೊತ್ತಿತ್ತು. ಆದರೂ ಕೂತೆ. ಮೂವತ್ತು ಕಣ್ಣು ನೋಡುತ್ತಿದ್ದವು ಎಂಬ ಒಂದೇ ಕಾರಣಕ್ಕೆ ಕಾಲು ಅಗಲಿಸಿ ಕೂತೆ. ವಸ್ತಾದನಿಗೆ ಬೈಯುವಾಗ ಇದನ್ನೂ ಬರೆಯಬೇಕು, ಇಲ್ಲದಿದ್ದರೆ ನಾನೂ ಅವನಂಥವನೇ ಆಗುತ್ತೇನೆ.

ಅವನು ಎಡ ತೊಡೆಯ ಮೇಲೆ ಹತ್ತಿ ನಿಂತ. ಕುಲುಕಿದ. ಒಳಗೆ ಒದ್ದೆ ಬಟ್ಟೆ ಹರಿದಂತಾಯಿತು. ಕಣ್ಣಿಗೆ ಕತ್ತಲೆ ಬಂತು. ಕಣ್ಣು ಬಿಟ್ಟಾಗ ನನ್ನ ಬಾಯಲ್ಲಿ ಬೆಲ್ಲ ಇತ್ತು.

ಮಧ್ಯಾಹ್ನ ಬಂಡಿಯಲ್ಲಿ ಹಾಕಿಕೊಂಡು ಲಿಂಗಸುಗೂರಿಗೆ ಕರೆದೊಯ್ದರು. ಮರುದಿನ ತೊಡೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಣಕ್ಕಿಳಿದೆ. ಕೈ ಕೂಡಿಸಲು ಒಂದು ಹೆಜ್ಜೆ ಮುಂದಿಟ್ಟೆ, ಕಾಲು ನನ್ನದಲ್ಲ ಎಂಬಂತೆ ಕುಸಿಯಿತು. ಎದುರಿನವನು ಮುಟ್ಟಿರಲೇ ಇಲ್ಲ. ಅವನೇ ಬಗ್ಗಿ ನನ್ನ ಕೈ ಹಿಡಿದು ಎಬ್ಬಿಸಿದ. ಜನ ಹೋ ಎಂದರು. ಅಮೀನ ಸಾಹೇಬರು ಆ ಕಡೆ ಮುಖ ತಿರುಗಿಸಿದರು. ನನ್ನ ವಸ್ತಾದ ಎಲ್ಲರಿಗೂ ಕೇಳುವಂತೆ ಹೇಳಿದ: "ಅಂಜ್ಯಾನ್ರೀ ಇಂವ. ಕಾಲಿಗೇನೂ ಆಗಿಲ್ಲ."

ಆ ಮಾತು ತೊಡೆಗಿಂತ ಹೆಚ್ಚು ನೋಯಿಸಿತು.

ತಿಂಗಳಾದ ಮೇಲೆ ಕೋಲೂರಿಕೊಂಡು ಅವನ ಮನೆಗೆ ಹೋದೆ, ಬೈಯುವುದಕ್ಕೇ ಹೋದೆ. ಬಾಗಿಲು ತೆರೆದಿತ್ತು. ಅವನು ಮಂಚದ ಮೇಲಿದ್ದ. ಅವನ ಹೆಂಡತಿ ಅವನ ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ, ತೊಲೆ ಇಳಿಸುವ ಹಾಗೆ ನೆಲಕ್ಕಿಳಿಸುತ್ತಿದ್ದಳು. ಆ ಕಾಲು ಮಡಚುತ್ತಿರಲಿಲ್ಲ. ಅವನು ಎಂದೂ ನಮ್ಮ ಜೊತೆ ನೆಲಕ್ಕೆ ಕೂತದ್ದಿಲ್ಲ, ಕಾಲು ಸೆಟೆಸಿ ನಡೆಯುತ್ತಿದ್ದ, ಅದೆಲ್ಲ ದೊಡ್ಡಸ್ತಿಕೆ ಎಂದುಕೊಂಡಿದ್ದೆವು!

"ಇವ್ರ ವಸ್ತಾದನೂ ಹಂಗ ಹತ್ತಿ ನಿಂತಿದ್ನಂತ ಯಪ್ಪಾ" ಎಂದಳು ಆಕೆ, ನನ್ನ ಕೋಲು ನೋಡಿ. "ಅವತ್ತೂ ಬೆಲ್ಲ ಹಂಚ್ಯಾರಂತ."

"ಸುಮ್ನಿರ್ಲೇ" ಎಂದ ಅವನು.

ನಾನು ಕೇಳಿದೆ: "ಗೊತ್ತಿದ್ದೂ ಯಾಕ ಮಾಡಿದ್ರಿ?"

ಅವನು ಆ ಕಾಲಿನ ಮೇಲೆ ಧೋತರ ಎಳೆದುಕೊಂಡ. ಆಮೇಲೆ ಗೋಡೆಗೆ ಹೇಳಿದಂತೆ ಹೇಳಿದ: "ಹಂಗ ಮಾಡಲಾರದನೂ ಕುಸ್ತಿ ಕಲಿಯಾಕ ಬರತೈತಿ ಅಂದ್ರ... ನನ್ನ ಕಾಲು ಸುಮ್ಸುಮ್ನ ಹೋತು ಅಂದಂಗಾತಲ್ಲೋ."

ತಂದ ಬೈಗುಳ ಬಾಯಿಗೆ ಬರಲಿಲ್ಲ. ಆದರೆ ಕರುಣೆಯೂ ಬರಲಿಲ್ಲ. ತನ್ನ ಕಾಲಿಗೆ ಅರ್ಥ ಬರಲೆಂದು ಊರ ಹುಡುಗರ ಕಾಲು ಮುರಿದ ಮನುಷ್ಯ. ಹೊರಟು ಬಂದೆ.

ಈ ವರ್ಷ ಹೋಳಿ ಕಳೆದ ಮೇಲೆ ಅವನು ಸತ್ತ. ಸುದ್ದಿ ಬಂತು, ಹೋದೆ. ನಮ್ಮಲ್ಲಿ ಹೆಣವನ್ನು ಮಲಗಿಸಿ ಹೂಳುವುದಿಲ್ಲ, ಚಕ್ಕಳಮಕ್ಕಳ ಹಾಕಿಸಿ ಕೂಡಿಸಿ ಹೂಳುತ್ತೇವೆ. ಬಲಗಾಲು ಮಡಚಲಿಲ್ಲ. ಬಿಸಿನೀರು ಹಾಕಿದರು, ತಿಕ್ಕಿದರು. ಅವನ ಹಳೆಯ ಶಿಷ್ಯನೊಬ್ಬ ಧೋತರ ಎತ್ತಿ ಕಟ್ಟಿ, "ಸರೀರಿ, ಹತ್ತಿ ನಿಂದರ್ತೀನಿ, ಕೂಡತೈತಿ" ಎಂದ.

ವಸ್ತಾದನ ಹೆಂಡತಿ ಮೂಲೆಯಿಂದ ನನ್ನನ್ನೇ ನೋಡಿದಳು. ನಾನು ಆ ಶಿಷ್ಯನ ಎದೆಗೆ ಕೈ ಹಚ್ಚಿ ಹಿಂದೆ ನೂಕಿದೆ.

"ಬಿಡ್ಲೇ. ಗುಂಡಿ ಉದ್ದ ಮಾಡೋಣ."

ಮಾಡಿದೆವು. ಆ ಕಾಲಿಗೆಂದೇ ಒಂದೂವರೆ ಮೊಳ ಹೆಚ್ಚಿಗೆ ಅಗೆದೆವು. ಅವನು ಒಂದು ಕಾಲು ಚಾಚಿಕೊಂಡೇ ಮಣ್ಣಾದ.

ಖಾಸಿಂ ಚಾಚಾನೂ ಈಗಿಲ್ಲ. ಗಿರಣಿಯಲ್ಲಿ ಬೆಳಗ್ಗೆ ಹಮಾಲರನ್ನು ರಾಶಿಯ ಸುತ್ತ ನಡೆಸುವ ಕೆಲಸ ನನ್ನದು. ಅವರು ಬಗ್ಗುತ್ತಾರೆ, ಅಂಗೈ ನೆಲಕ್ಕೆ ಹತ್ತುತ್ತದೆ. ನಾನೂ ಮೈ ಬಿಸಿ ಮಾಡಿಕೊಂಡು ಮೆಲ್ಲಗೆ ಬಗ್ಗುತ್ತೇನೆ. ಕೈ ಮೊಣಕಾಲಿನ ಕೆಳಗೆ ಒಂದು ಗೇಣು ಹೋದ ಮೇಲೆ ಎಡ ತೊಡೆ ಸಾಕು ಎನ್ನುತ್ತದೆ. ಅಲ್ಲೇ ನಿಲ್ಲುತ್ತೇನೆ. ಹತ್ತು ಸಲ ಉಸಿರು ಬಿಡುತ್ತೇನೆ. ಆರು ವರ್ಷವಾಯಿತು, ಅದಕ್ಕಿಂತ ಕೆಳಗೆ ಹೋಗಿಲ್ಲ... ಇನ್ನು ಹೋಗುವುದೂ ಇಲ್ಲ.